ಬೆಳಗ್ಗೆ ಸಿರಪ್ ಹಾಕಿ ಶಾಲೆಗೆ ಕಳಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 6 ವರ್ಷ, ಒಂದನೇ ಕ್ಲಾಸಿನಲ್ಲಿದ್ದಾಳೆ. ಶಾಲೆಗೆ ಸೇರಿದಾಗಿನಿಂದ ತಿಂಗಳಿಗೊಂದು ನೆಗಡಿ, ಆಗಾಗ ಜ್ವರ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ರಾತ್ರಿ ಮೈ ಬಿಸಿಯಿದ್ದರೆ ಬೆಳಗ್ಗೆ ಸಿರಪ್ ಹಾಕಿ ಕಳಿಸಿಬಿಡುತ್ತೇವೆ. ಹೋದ ವಾರ ಟೀಚರ್ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಮೂಗು ಸೋರುತ್ತಿದೆ ಅಂತ ಮನೆಯಲ್ಲಿಟ್ಟುಕೊಂಡರೆ ಹಾಜರಿ ಸಾಲದು ಅಂತಾರೆ. ಈಗ ಅವಳ ಕ್ಲಾಸಿನಲ್ಲಿ ಇಬ್ಬರಿಗೆ ಚಿಕನ್ ಪಾಕ್ಸ್ ಬಂದಿದೆಯಂತೆ. ಮನೆಯಲ್ಲಿ 8 ತಿಂಗಳ ಮಗ ಇದ್ದಾನೆ. ನನ್ನ ತಂಗಿಯೂ ನಮ್ಮ ಜೊತೆ ಇದ್ದಾಳೆ, ಅವಳಿಗೀಗ ಏಳು ತಿಂಗಳು. ಯಾವಾಗ ಕಳಿಸಬೇಕು, ಯಾವಾಗ ಕಳಿಸಬಾರದು?

ಉತ್ತರ: ಮೊದಲು ಸಿರಪ್ ವಿಷಯಕ್ಕೇ ಬರುತ್ತೇನೆ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು 4ರಿಂದ 6 ಗಂಟೆ, ಅಷ್ಟೇ. ಬೆಳಗ್ಗೆ ಏಳೂವರೆಗೆ ಕುಡಿಸಿದರೆ ಹನ್ನೆರಡು ಗಂಟೆಯ ಹೊತ್ತಿಗೆ ಅದರ ಬಲ ಇಳಿದಿರುತ್ತದೆ. ಆಗ ಜ್ವರ ಮತ್ತೆ ಏರುತ್ತದೆ, ಮಗು ಕ್ಲಾಸಿನಲ್ಲಿರುತ್ತದೆ. ಸಿರಪ್ಪು ಮೈ ಬಿಸಿ ಇಳಿಸುತ್ತದೆ, ನೋವು ಕಡಿಮೆ ಮಾಡುತ್ತದೆ. ಜ್ವರ ತಂದ ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ. ಮೈ ತಣ್ಣಗಾದ ಮಗುವೂ ಪಕ್ಕದವರಿಗೆ ಅಷ್ಟೇ ಚೆನ್ನಾಗಿ ಅಂಟಿಸುತ್ತದೆ.

ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಾನೂ ಒಮ್ಮೆ ಹೀಗೇ ಮಾಡಿದ್ದೇನೆ. ಮಗ ಎರಡನೇ ಕ್ಲಾಸಿನಲ್ಲಿದ್ದ. ಬೆಳಗ್ಗೆ ಮೈ ಬೆಚ್ಚಗಿತ್ತು. ನನಗೆ ಆಸ್ಪತ್ರೆಯಲ್ಲಿ ಮಕ್ಕಳು ಸಾಲುಗಟ್ಟಿ ಕಾಯುತ್ತಿದ್ದರು. ಸಿರಪ್ ಕುಡಿಸಿ, "ಏನೂ ಆಗಿಲ್ಲ ಕಂದಾ, ಹೋಗು" ಅಂತ ಕಳಿಸಿದೆ. ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಹೋಗಿ ನೋಡಿದರೆ ಆಫೀಸ್ ರೂಮಿನ ಬೆಂಚಿನ ಮೇಲೆ ಬ್ಯಾಗನ್ನೇ ದಿಂಬು ಮಾಡಿಕೊಂಡು, ಶೂ ಹಾಕಿಕೊಂಡೇ ಮಲಗಿದ್ದ. ಕೆನ್ನೆ ಕೆಂಪಗಾಗಿತ್ತು, ತುಟಿ ಒಣಗಿತ್ತು. ಥರ್ಮಾಮೀಟರ್ ಇಟ್ಟರೆ 39.4 ಡಿಗ್ರಿ. ಎರಡನೇ ಪೀರಿಯಡ್ಡಿನಿಂದಲೇ ಚಳಿ ಹತ್ತಿತ್ತಂತೆ. ಆದರೂ ಮಿಸ್‌ಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ಏನೂ ಆಗಿಲ್ಲ ಅಂತ ನೀನೇ ಹೇಳಿದ್ಯಲ್ಲಾ ಅಮ್ಮಾ" ಎಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಸಿರಪ್ ಕುಡಿದ ಮಗು ಶಾಲೆಗೆ ಹೋಗುವುದಿಲ್ಲ.

ಹಾಗಾಗಿ ಜ್ವರದ ಲೆಕ್ಕ ಇದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ. ಸಿರಪ್ ಇಲ್ಲದೆ 24 ಗಂಟೆ ಜ್ವರ ಬಾರದೆ ಇದ್ದರೆ ಶಾಲೆ. "ಸಿರಪ್ ಇಲ್ಲದೆ" ಅನ್ನುವ ಮಾತನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸೋಮವಾರ ರಾತ್ರಿ 9ಕ್ಕೆ ಕೊನೆಯ ಸಲ 38 ಇತ್ತು, ಆಗಲೇ ಕೊನೆಯ ಸಿರಪ್ ಕೊಟ್ಟಿರಿ ಅಂದುಕೊಳ್ಳಿ. ಮಂಗಳವಾರ ಬೆಳಗ್ಗೆ ಮೈ ತಣ್ಣಗಿದ್ದರೂ ಆ ದಿನ ಮನೆಯಲ್ಲೇ. ಮಂಗಳವಾರವಿಡೀ ಜ್ವರ ಬರದಿದ್ದರೆ ಬುಧವಾರ ಕಳಿಸಿ. ಜ್ವರ ಎಷ್ಟಿತ್ತು, ಸಿರಪ್ ಎಷ್ಟು ಗಂಟೆಗೆ ಕೊಟ್ಟಿರಿ, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ರಾತ್ರಿ ನಿದ್ದೆಗಣ್ಣಿನಲ್ಲಿ ಕೊಟ್ಟದ್ದು ಬೆಳಗ್ಗೆ ಇಬ್ಬರಿಗೂ ನೆನಪಿರುವುದಿಲ್ಲ. ಹಣೆ ಮುಟ್ಟಿ ನೋಡಿದ್ದನ್ನು ಮಾತ್ರ ನಂಬಬೇಡಿ. ನಮ್ಮ ಕೈ ತಣ್ಣಗಿದ್ದರೆ ಎಲ್ಲ ಮಕ್ಕಳ ಹಣೆಯೂ ಬಿಸಿಯೇ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. "ಇದು ಅಂಟುತ್ತಾ?" ಅಂತಲೇ ಎಲ್ಲರೂ ನನ್ನನ್ನು ಮೊದಲು ಕೇಳುತ್ತಾರೆ. ನಾನು ಮೊದಲು ನೋಡುವುದು ಮಗುವನ್ನು. ಇವತ್ತು ಆರು ಗಂಟೆ ಕೂತು, ಪಾಠ ಕೇಳಿ, ಆಟದ ಹೊತ್ತಿನಲ್ಲಿ ಓಡಾಡುವಷ್ಟು ಶಕ್ತಿ ಇದಕ್ಕಿದೆಯಾ? ಇದು ತಿಳಿಯಲು ಡಾಕ್ಟರೇ ಬೇಕಿಲ್ಲ. ಬೆಳಗ್ಗೆ ಯೂನಿಫಾರ್ಮ್ ಹಾಕುವಾಗ ನೋಡಿ. ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲೇ ಹಿಡಿದು ಗೋಡೆಗೆ ತಲೆ ಆನಿಸಿ ಕೂತಿದೆ ಅಂದರೆ ಆ ಮಗು ಹುಷಾರಾಗಿಲ್ಲ, ಥರ್ಮಾಮೀಟರ್ ಏನೇ ಹೇಳಲಿ. ಮೂಗು ಸೋರುತ್ತಿದ್ದರೂ ತಮ್ಮನ ಜೊತೆ ಜಗಳ ಆಡುತ್ತಾ, ತಿಂಡಿ ತಿನ್ನುತ್ತಾ ಇದ್ದರೆ ಆ ಮಗು ಶಾಲೆಗೆ ತಯಾರು.

ಎರಡನೆಯದಾಗಿ ಟೀಚರ್ ಕಡೆಯಿಂದ ಯೋಚಿಸಿ. ಕ್ಲಾಸ್ ತುಂಬ ಮಕ್ಕಳಿರುವಾಗ ಅವರೊಬ್ಬರೇ ಇದನ್ನು ಸಂಭಾಳಿಸಬಹುದಾ? ಹತ್ತು ಹತ್ತು ನಿಮಿಷಕ್ಕೆ ಬಾತ್‌ರೂಮಿಗೆ ಓಡುವ ಮಗು, ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಳ್ಳುವ ಮಗು ಇದ್ದರೆ ಉಳಿದವರ ಪಾಠ ನಿಂತುಹೋಗುತ್ತದೆ. ನಿಮ್ಮ ಮಗಳ ಟೀಚರ್ ಬೇಜಾರು ಮಾಡಿಕೊಂಡಿದ್ದು ಇದಕ್ಕೇ ಇರಬಹುದು, ಅಲ್ವಾ? ಈ ಎರಡೂ ಆದ ಮೇಲೆ ಮೂರನೆಯದು: ಹೆಸರು ಹಿಡಿದೇ ಮನೆಯಲ್ಲಿ ಉಳಿಸಿಕೊಳ್ಳಬೇಕಾದ ಕಾಯಿಲೆಗಳಲ್ಲಿ ಇದೂ ಒಂದಾ?

ನೆಗಡಿ ಆ ಕಾಯಿಲೆಗಳಲ್ಲಿ ಸೇರಿಲ್ಲ. ಈ ವಯಸ್ಸಿನ ಮಗುವಿಗೆ ವರ್ಷಕ್ಕೆ 6ರಿಂದ 8 ನೆಗಡಿ ಬರುವುದು ಮಾಮೂಲಿ. ಒಂದೊಂದು ನೆಗಡಿ ವಾರ, ಹತ್ತು ದಿನ ಎಳೆಯುತ್ತದೆ. ಕೆಮ್ಮು ಇನ್ನೂ ಜಾಸ್ತಿ ದಿನ ಉಳಿಯುತ್ತದೆ. ಕೊನೆಯ ಹನಿ ಸಿಂಬಳ ನಿಲ್ಲುವವರೆಗೂ ಮನೆಯಲ್ಲಿ ಇಟ್ಟುಕೊಂಡರೆ ವರ್ಷದಲ್ಲಿ ಎರಡು ತಿಂಗಳ ಶಾಲೆ ಹೋಯಿತು. ಇಷ್ಟು ಮಾಡಿಯೂ ಪಕ್ಕದ ಮಗುವಿಗೆ ನೆಗಡಿ ತಪ್ಪುವುದಿಲ್ಲ. ನೆಗಡಿ ತುಂಬ ಅಂಟುವುದು ಮೊದಲ ಎರಡು ಮೂರು ದಿನ. ಮೂಗು ಸೋರಲು ಶುರುವಾಗುವ ಹಿಂದಿನ ದಿನವೇ ಅಂಟಲು ಶುರುವಾಗಿರುತ್ತದೆ. ಎಂಟನೇ ದಿನ ಬಾಗಿಲು ಹಾಕಿಕೊಂಡು ಕೂತರೆ ಏನು ಪ್ರಯೋಜನ? ಸಿಂಬಳ ಗಟ್ಟಿಯಾಗಿ ಹಳದಿ, ಹಸಿರು ಆದ ತಕ್ಷಣ ಆ್ಯಂಟಿಬಯಾಟಿಕ್ ಬೇಕು ಅಂತ ಬರುತ್ತಾರೆ. ಬೇಕಿಲ್ಲ. ಸೋಂಕಿನ ಜೊತೆ ಹೋರಾಡಿದ ಬಿಳಿ ರಕ್ತಕಣಗಳಿಂದ ಆ ಬಣ್ಣ ಬರುತ್ತದೆ. ನೆಗಡಿಯ ಮಧ್ಯದಲ್ಲಿ ಅದು ಸಹಜ. ಹತ್ತು ದಿನ ಕಳೆದರೂ ಕಡಿಮೆಯಾಗುವ ಸೂಚನೆಯೇ ಇಲ್ಲದಿದ್ದರೆ, ಅಥವಾ ಕಡಿಮೆಯಾಗಿದ್ದು ಮತ್ತೆ ಜ್ವರದ ಜೊತೆ ಜೋರಾದರೆ ತೋರಿಸಿ. ಮೊದಲ ಒಂದೆರಡು ದಿನ ಮಗು ತೀರಾ ಸುಸ್ತಾಗಿ, ಒಂದೇ ಸಮನೆ ಸೀನುತ್ತಿದ್ದರೆ ಮನೆಯಲ್ಲಿರಲಿ. ಆಮೇಲೆ ಜೇಬಿನಲ್ಲಿ ಕರ್ಚೀಫ್ ಇಟ್ಟು ಕಳಿಸಿ. ಕೆಮ್ಮುವಾಗ ಮೊಣಕೈ ಮಡಚಿ ಅದರೊಳಗೆ ಕೆಮ್ಮುವುದನ್ನು ಕಲಿಸಿ. ಆರು ವರ್ಷದ ಮಕ್ಕಳು ಇದನ್ನು ಬಹಳ ಬೇಗ ಕಲಿಯುತ್ತಾರೆ, ನಮಗೇ ಪಾಠ ಹೇಳುವಷ್ಟು.

ವಾಂತಿ, ಭೇದಿ ವಿಷಯದಲ್ಲಿ ಮಾತ್ರ ನಾನು ತುಂಬ ಕಟ್ಟುನಿಟ್ಟು. ಕೊನೆಯ ವಾಂತಿ ಅಥವಾ ಕೊನೆಯ ಭೇದಿ ಆದ ಮೇಲೆ 48 ಗಂಟೆ ಕಳೆಯಬೇಕು. ಕೆಲವು ಕಡೆ 24 ಗಂಟೆ ಸಾಕು ಅನ್ನುತ್ತಾರೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಮಾರ್ಗಸೂಚಿಯಲ್ಲಿ ನೊರೊವೈರಸ್‌ನಂತಹ ವಾಂತಿಭೇದಿಗೆ 48 ಗಂಟೆ ಅಂತಿದೆ. ನಾನು ಅದಕ್ಕೇ ಅಂಟಿಕೊಳ್ಳುತ್ತೇನೆ. ಒಂದು ಶಾಲೆಯಿಂದ ವಾರದೊಳಗೆ ಮಕ್ಕಳು ಸಾಲಾಗಿ ಡ್ರಿಪ್ ಹಾಕಿಸಿಕೊಳ್ಳಲು ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ನೊರೊವೈರಸ್ ಬೆರಳೆಣಿಕೆಯಷ್ಟು ಕಣಗಳಿದ್ದರೂ ಸಾಕು, ಇನ್ನೊಬ್ಬರಿಗೆ ಹತ್ತುತ್ತದೆ. ಮಗು ಹುಷಾರಾದ ಮೇಲೂ ಎರಡು ವಾರದವರೆಗೆ ಅದು ಮಲದಲ್ಲಿ ಬರುತ್ತಿರಬಹುದು. ಅಷ್ಟು ದಿನ ಮನೆಯಲ್ಲಿ ಇಡಲಾಗದು, ಇಡಬೇಕಾಗಿಯೂ ಇಲ್ಲ. ಟಾಯ್ಲೆಟ್ಟಿಗೆ ಹೋಗಿ ಬಂದ ಮೇಲೆ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆದರೆ ಬಹುಪಾಲು ತಡೆಯಬಹುದು. ಬ್ಯಾಗಿಗೆ ನೇತುಹಾಕುವ ಪುಟ್ಟ ಸ್ಯಾನಿಟೈಸರ್ ಬಾಟಲಿಗೆ ಈ ವೈರಸ್ ಅಷ್ಟಾಗಿ ಜಗ್ಗುವುದಿಲ್ಲ. ಸೋಪು, ನೀರು ಬೇಕು. ಶಾಲೆಯ ಬಾತ್‌ರೂಮಿನಲ್ಲಿ ಸೋಪು ಇದೆಯಾ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ಇಲ್ಲದಿದ್ದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ಮೊದಲು ಎತ್ತಬೇಕಾದ ವಿಷಯ ಇದೇ.

ದಡಾರ, ಅಂದರೆ ಮೀಸಲ್ಸ್, ಹೆಸರು ಹಿಡಿದು ತಡೆಯಬೇಕಾದ ಕಾಯಿಲೆ. ಕೆಂಪು ದದ್ದು ಕಾಣುವ 4 ದಿನ ಮುಂಚಿನಿಂದ, ದದ್ದು ಬಂದ 4 ದಿನದವರೆಗೆ ಅಂಟುತ್ತದೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೆ ವೈರಸ್ ಉಳಿಯಬಲ್ಲದು. 1974ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡನೇ ಕ್ಲಾಸಿನ ಒಬ್ಬ ಹುಡುಗಿಯಿಂದ 28 ಮಕ್ಕಳಿಗೆ ದಡಾರ ಹರಡಿತು. ಆ 28 ಮಕ್ಕಳು ಇದ್ದದ್ದು 14 ಬೇರೆ ಬೇರೆ ಕ್ಲಾಸುಗಳಲ್ಲಿ. ಅವರಲ್ಲಿ ಬಹಳಷ್ಟು ಮಂದಿ ಅವಳ ಜೊತೆ ಒಂದೇ ಕೋಣೆಯಲ್ಲಿ ಕೂತವರೇ ಅಲ್ಲ. ಕಟ್ಟಡದ ಗಾಳಿ ಕೊಳವೆಯಲ್ಲಿ ಹಾದು ವೈರಸ್ ಅವರನ್ನು ತಲುಪಿತ್ತು. ದಡಾರ ಬಂದ ಮಗುವನ್ನು "ಹಿಂದಿನ ಬೆಂಚಿನಲ್ಲಿ ಕೂರಿಸಿ" ಅಂದರೆ ಆಗುವುದಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಲಸಿಕೆ ಒಂದೇ ಇದಕ್ಕೆ ಸರಿಯಾದ ಬೇಲಿ. ಮಗಳ ಲಸಿಕೆ ಕಾರ್ಡ್ ತೆಗೆದು ಎರಡೂ ಡೋಸ್ ಆಗಿದೆಯಾ ನೋಡಿಕೊಳ್ಳಿ.

ಮಂಗನಬಾವಿಗೆ ಕೆನ್ನೆ ಊದಿದಾಗಿನಿಂದ 5 ದಿನ ರಜೆ. ನಾಯಿಕೆಮ್ಮಿಗೆ ಸರಿಯಾದ ಆ್ಯಂಟಿಬಯಾಟಿಕ್ ಶುರುವಾಗಿ 5 ದಿನ. ಔಷಧಿ ಕೊಡದಿದ್ದರೆ ಕೆಮ್ಮು ಶುರುವಾಗಿ 21 ದಿನ. ಹೆಪಟೈಟಿಸ್ ಎ ಅನ್ನುವ ಕಾಮಾಲೆಗೆ ಕಣ್ಣು ಹಳದಿಯಾದ ಮೇಲೆ ಒಂದು ವಾರ. ಗಂಟಲಿಗೆ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾದ ಸೋಂಕಾದರೆ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಆಗಿ 24 ಗಂಟೆ ಕಳೆದು ಜ್ವರ ಬಿಟ್ಟಿದ್ದರೆ ಹೋಗಬಹುದು. ಆದರೆ ಶಾಲೆಗೆ ಹೋಗುತ್ತಿದ್ದಾಳಲ್ಲಾ ಅಂತ ಔಷಧಿ ಮಧ್ಯಕ್ಕೆ ನಿಲ್ಲಿಸಬೇಡಿ. ಅರ್ಧಂಬರ್ಧ ವಾಸಿಯಾದ ಸ್ಟ್ರೆಪ್‌ನಿಂದ ಮುಂದೆ ಹೃದಯದ ಕವಾಟಗಳೇ ಹಾಳಾಗುವ ರುಮ್ಯಾಟಿಕ್ ಜ್ವರ ಬರಬಹುದು. ಟೈಫಾಯ್ಡ್, ಕ್ಷಯ ಇವುಗಳಲ್ಲಿ ದಿನ ಎಣಿಸಿ ನೀವೇ ತೀರ್ಮಾನಿಸಬೇಡಿ. ನೋಡುತ್ತಿರುವ ಡಾಕ್ಟರು ಹೇಳಿದ ಮೇಲೆಯೇ ಕಳಿಸಿ.

ಕಣ್ಣು ಬಂದರೆ ಏನು ಮಾಡಬೇಕು ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಎರಡು ಮಾತಿದೆ. ಬರಿಯ ಕೆಂಪು ಕಣ್ಣಿಗೆ ರಜೆ ಬೇಕಿಲ್ಲ ಅನ್ನುವ ಮಾರ್ಗಸೂಚಿಗಳೂ ಇವೆ. ಕೈ ತೊಳೆದುಕೊಂಡು, ಕಣ್ಣು ಮುಟ್ಟದೆ ಇರುವ ಹತ್ತನೇ ಕ್ಲಾಸಿನ ಹುಡುಗನಿಗೆ ಅದು ಸರಿ. ನಿಮ್ಮ ಮಗಳ ವಯಸ್ಸಿನವರು ಕಣ್ಣು ಉಜ್ಜಿ, ಅದೇ ಕೈಯಲ್ಲಿ ಗೆಳತಿಯ ಪೆನ್ಸಿಲ್ ಹಿಡಿಯುತ್ತಾರೆ. ಹಾಗಾಗಿ ಕಣ್ಣಿನಿಂದ ನೀರು, ಪಿಸುರು ಸುರಿಯುತ್ತಿರುವವರೆಗೆ ಮನೆಯಲ್ಲಿರಲಿ ಅನ್ನುವುದು ನನ್ನ ಸಲಹೆ. ಅದು ನಿಂತರೆ ಸ್ವಲ್ಪ ಕೆಂಪು ಉಳಿದಿದ್ದರೂ ಕಳಿಸಿ.

ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಕಾಯಿಲೆಯಲ್ಲಿ ಶಾಲೆಗಳು "ಪೂರ್ತಿ ಹೋದ ಮೇಲೆ ಕರ್ಕೊಂಡು ಬನ್ನಿ" ಅನ್ನುತ್ತವೆ. ಅದರ ವೈರಸ್ ವಾರಗಟ್ಟಲೆ ಮಲದಲ್ಲಿ ಬರುತ್ತಿರುತ್ತದೆ. ಪೂರ್ತಿ ಹೋಗುವವರೆಗೆ ಕಾಯುವುದು ಆಗದ ಮಾತು. ಜ್ವರ ಬಿಟ್ಟಿದೆ, ಊಟ ಮಾಡುತ್ತಿದ್ದಾಳೆ, ಬಾಯಿ ನೋವಿಗೆ ಜೊಲ್ಲು ಸುರಿಯುತ್ತಿಲ್ಲ, ಗುಳ್ಳೆಗಳು ಒಣಗಿವೆ ಅಂದರೆ ಸಾಕು. ಕೆಲವು ವಾರ ಕಳೆದು ಒಂದೆರಡು ಉಗುರು ಎದ್ದು ಬರಬಹುದು. ನೋಡಿ ಗಾಬರಿಯಾಗುತ್ತದೆ, ಆದರೆ ಹೊಸ ಉಗುರು ತಾನಾಗಿ ಬೆಳೆಯುತ್ತದೆ.

ಕಜ್ಜಿ ಆದರೆ ಮನೆಯವರೆಲ್ಲ ಒಟ್ಟಿಗೆ ಮುಲಾಮು ಹಚ್ಚಿಕೊಂಡ ಮಾರನೇ ದಿನ ಶಾಲೆ. ತುರಿಕೆ ಇನ್ನೂ ಎರಡು ಮೂರು ವಾರ ಇರುತ್ತದೆ, ಅದಕ್ಕೆ ಹೆದರಬೇಡಿ. ಹುಳುಕಡ್ಡಿಗೆ ಔಷಧಿ ಶುರುವಾದರೆ ಸಾಕು.

ಹೇನಿನ ಬಗ್ಗೆ ಮಾತ್ರ ಸ್ವಲ್ಪ ಜೋರಾಗಿಯೇ ಹೇಳಬೇಕು. ಹೇನು ಸಿಕ್ಕಿತು ಅಂತ ಮಗುವನ್ನು ಕ್ಲಾಸಿನ ಮಧ್ಯದಿಂದ ಎಬ್ಬಿಸಿ ಮನೆಗೆ ಕಳಿಸುವುದು ತಪ್ಪು. ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ಯಾವ ರೋಗವನ್ನೂ ತರುವುದಿಲ್ಲ. ಇವತ್ತು ಕಣ್ಣಿಗೆ ಬಿದ್ದ ಹೇನು ವಾರಗಳ ಹಿಂದೆಯೇ ತಲೆಯಲ್ಲಿ ಇದ್ದಿರುತ್ತದೆ. ಸಂಜೆ ಮನೆಗೆ ಬಂದ ಮೇಲೆ ಔಷಧಿ ಹಚ್ಚಿ ಬಾಚಿದರೆ ಆಯಿತು. ಎಲ್ಲರ ಮುಂದೆ ತಲೆ ತಗ್ಗಿಸಿ ಬ್ಯಾಗ್ ಎತ್ತಿಕೊಂಡು ಹೋದ ನೆನಪು ಹೇನಿಗಿಂತ ಬಹಳ ದಿನ ಉಳಿಯುತ್ತದೆ. ಹಾಗೆಯೇ ಕಿವಿನೋವು, ಮೂತ್ರದ ಸೋಂಕು, ಆಸ್ತಮಾದ ಕೆಮ್ಮು ಇವು ಮಗುವಿನಿಂದ ಮಗುವಿಗೆ ಅಂಟುವುದಿಲ್ಲ. ಡೆಂಗಿ ಹರಡುವುದು ಸೊಳ್ಳೆಯಿಂದ, ಪಕ್ಕದಲ್ಲಿ ಕೂತರೆ ಬರುವುದಿಲ್ಲ. ಇವುಗಳಲ್ಲಿ ಮಗುವಿನ ಶಕ್ತಿ ನೋಡಿಕೊಂಡು ಕಳಿಸಿ.

ಕೆಲವು ಲಕ್ಷಣ ಕಂಡರೆ ಶಾಲೆಯ ಮಾತೇ ಬೇಡ, ನೇರ ಆಸ್ಪತ್ರೆಗೆ ಹೋಗಿ. ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಳ್ಳುವುದು, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಕತ್ತು ಬಗ್ಗಿಸಲಾಗದ ನೋವು, ಎಂಟು ಗಂಟೆಯಾದರೂ ಮೂತ್ರ ಮಾಡದಿರುವುದು. ಇನ್ನೊಂದು ಇದೆ: ಮೈಮೇಲಿನ ಕೆಂಪು ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದಾಗಲೂ ಬಣ್ಣ ಮಾಸದಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಹಾಜರಿ ವಿಷಯ. 100ಕ್ಕೆ 100 ಹಾಜರಿಗೆ ಬಹುಮಾನ ಕೊಡುವ ಪದ್ಧತಿ ನನಗೆ ಇಷ್ಟವಿಲ್ಲ. ಜ್ವರ ಬಂದ ದಿನ ಮನೆಯಲ್ಲಿ ಉಳಿದ ಮಗು ತನ್ನ ಕ್ಲಾಸಿಗೆ ಉಪಕಾರ ಮಾಡಿದೆ. ಅದಕ್ಕೆ ಬಹುಮಾನ ತಪ್ಪಿಸುವುದು ಯಾವ ನ್ಯಾಯ? ನೀವು ಟೀಚರ್ ಜೊತೆ ಕೂತು ನೇರವಾಗಿ ಮಾತಾಡಿ. ಜ್ವರ, ವಾಂತಿ ಇದ್ದರೆ ಕಳಿಸುವುದಿಲ್ಲ, ಬರಿ ನೆಗಡಿಗೆ ರಜೆ ಹಾಕಿಸುವುದಿಲ್ಲ ಅಂತ ಹೇಳಿ. ಬಹಳಷ್ಟು ಟೀಚರ್‌ಗಳು ಇದಕ್ಕೆ ಸಂತೋಷದಿಂದ ಒಪ್ಪುತ್ತಾರೆ. ಮಗಳಿಗೆ ಏನು ಬಂದಿದೆ ಅನ್ನುವುದನ್ನೂ ಮುಚ್ಚಿಡಬೇಡಿ. "ಊರಿಗೆ ಹೋಗಿದ್ವಿ" ಅಂತ ರಜೆ ಚೀಟಿ ಬರೆಯುವವರನ್ನು ನೋಡಿದ್ದೇನೆ. ಅದೇ ಕ್ಲಾಸಿನಲ್ಲಿ ಕ್ಯಾನ್ಸರ್‌ಗೆ ಔಷಧಿ ತೆಗೆದುಕೊಳ್ಳುತ್ತಿರುವ ಮಗು ಇರಬಹುದು. ಟೀಚರೇ ಗರ್ಭಿಣಿಯಾಗಿರಬಹುದು. ಅವರಿಗೆ ಒಂದು ದಿನ ಮುಂಚೆ ಗೊತ್ತಾದರೂ ಮಾಡಿಕೊಳ್ಳುವುದು ಬಹಳ ಇರುತ್ತದೆ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬೆಳಗ್ಗೆ ಏಳು ಗಂಟೆಗೆ ಕೂತು ಇದನ್ನೆಲ್ಲ ತೀರ್ಮಾನಿಸಲು ಹೋದರೆ ಸಿರಪ್ಪೇ ಗೆಲ್ಲುತ್ತದೆ. ಎಲ್ಲರೂ ಹುಷಾರಾಗಿರುವಾಗಲೇ ಮಾತಾಡಿಕೊಳ್ಳಿ. ಮೊದಲ ದಿನ ಯಾರು ರಜೆ ಹಾಕುವುದು, ಎರಡನೇ ದಿನ ಯಾರು, ಮೂರನೇ ದಿನಕ್ಕೆ ಯಾರನ್ನು ಕರೆಯುವುದು ಅಂತ ಮೊದಲೇ ಗೊತ್ತಿದ್ದರೆ ಬೆಳಗಿನ ಜಗಳ ಅರ್ಧ ಕಡಿಮೆಯಾಗುತ್ತದೆ.

ಕೊನೆಗೆ ಚಿಕನ್ ಪಾಕ್ಸ್. ಕ್ಲಾಸಿನಲ್ಲಿ ಇಬ್ಬರಿಗೆ ಬಂದಿದೆ ಅಂತ ಹುಷಾರಾಗಿರುವ ನಿಮ್ಮ ಮಗಳನ್ನು ಶಾಲೆ ಬಿಡಿಸಬೇಕಿಲ್ಲ. ಅವಳಿಗೆ ಲಸಿಕೆ ಆಗಿಲ್ಲ, ಮುಂಚೆ ಬಂದೂ ಇಲ್ಲ ಅಂದರೆ ಇವತ್ತೇ ಡಾಕ್ಟರನ್ನು ಕಾಣಿ. ಸೋಂಕಿನ ಸಂಪರ್ಕವಾಗಿ 3ರಿಂದ 5 ದಿನದೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ತಪ್ಪಬಹುದು, ಬಂದರೂ ಹಗುರವಾಗಿ ಬರುತ್ತದೆ. ಸಂಪರ್ಕವಾದ 10ರಿಂದ 21 ದಿನದೊಳಗೆ ಗುಳ್ಳೆ ಕಾಣಿಸಿಕೊಳ್ಳಬಹುದು. ಅಷ್ಟು ದಿನ ಸ್ನಾನ ಮಾಡಿಸುವಾಗ ಬೆನ್ನು, ಹೊಟ್ಟೆ, ಕೂದಲೊಳಗೆ ನೋಡುತ್ತಿರಿ. ಬಂದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆ. ಸಾಮಾನ್ಯವಾಗಿ 5ರಿಂದ 7 ದಿನ ಹಿಡಿಯುತ್ತದೆ. ಹಕ್ಕಳೆ ಉದುರುವವರೆಗೆ ಕಾಯಬೇಕಿಲ್ಲ, ಒಣಗಿದ ಹಕ್ಕಳೆಯಿಂದ ಅಂಟುವುದಿಲ್ಲ. ಆಗ ಜ್ವರಕ್ಕೆ ಆಸ್ಪಿರಿನ್ ಮಾತ್ರ ಕೊಡಲೇಬೇಡಿ. ಲಿವರ್, ಮಿದುಳಿಗೆ ತೊಂದರೆಯಾಗುವ ರೇಯ್ ಸಿಂಡ್ರೋಮ್ ಬರುವ ಅಪಾಯವಿದೆ. ಚಿಕ್ಕವನಿಗೆ 8 ತಿಂಗಳು, ಲಸಿಕೆ ಸಾಮಾನ್ಯವಾಗಿ 12 ತಿಂಗಳು ತುಂಬಿದ ಮೇಲೆ. ಅವನಿಗೆ ಒಂದು ಗುಳ್ಳೆ ಕಂಡರೂ ಡಾಕ್ಟರಿಗೆ ತೋರಿಸಿ.

ನನಗೆ ಎಲ್ಲರಿಗಿಂತ ಜಾಸ್ತಿ ಯೋಚನೆ ನಿಮ್ಮ ತಂಗಿಯದು. ಗರ್ಭಿಣಿಯರಿಗೆ ಚಿಕನ್ ಪಾಕ್ಸ್ ಬಂದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯವಿದೆ. ಮಗಳಿಗೆ ಗುಳ್ಳೆ ಕಾಣುವ ಒಂದೆರಡು ದಿನ ಮುಂಚೆಯೇ ಅವಳಿಂದ ಅಂಟಲು ಶುರುವಾಗಿರುತ್ತದೆ. ಹಾಗಾಗಿ ಗುಳ್ಳೆ ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ತಂಗಿಗೆ ಚಿಕ್ಕವಳಿದ್ದಾಗ ಬಂದಿತ್ತಾ ಅಂತ ಈಗಲೇ ನಿಮ್ಮ ಅಮ್ಮನಿಗೆ ಫೋನ್ ಮಾಡಿ ಕೇಳಿ. ಖಂಡಿತ ಬಂದಿತ್ತು ಅಂದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಆದರೂ ಅವರ ಡಾಕ್ಟರಿಗೆ ಒಂದು ಮಾತು ತಿಳಿಸಿ. ಸರಿಯಾಗಿ ನೆನಪಿಲ್ಲ ಅಂದರೆ ನಾಳೆಯೇ ಹೆರಿಗೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ರೋಗನಿರೋಧಕ ಶಕ್ತಿ ಇದೆಯಾ ಅನ್ನುವುದು ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಹೆರಿಗೆಯಾಗುವವರೆಗೆ ಲಸಿಕೆ ಹಾಕುವಂತಿಲ್ಲ. ಈ ಮೂರು ವಾರ ಅವರು ಬೇರೆ ಮನೆಯಲ್ಲಿ ಇರಲು ಸಾಧ್ಯವಾದರೆ ಇರಲಿ. ಅಷ್ಟಾಗಿಯೂ ಸೋಂಕಿನ ಸಂಪರ್ಕವಾದರೆ 10 ದಿನದೊಳಗೆ ಕೊಡಬಹುದಾದ ಇಂಜೆಕ್ಷನ್ ಇದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೇಳುವಾಗಲೇ "ಮನೆಯ ಮಗುವಿನ ಕ್ಲಾಸಿನಲ್ಲಿ ಚಿಕನ್ ಪಾಕ್ಸ್ ಇದೆ" ಅಂತ ಹೇಳಿ. ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವವರೂ ಗರ್ಭಿಣಿಯರೇ.